ನಿಲ್ಲದ ಡಂಗುರ

ನಮ್ಮ ವಾಚಕಿಯರಲ್ಲೊಬ್ಬರು ಕಳೆದ ತಿಂಗಳು ಬರೆದ ಕಾಗದವು ನನ್ನ ಮೇಜಿನ ಮೇಲೆ ಹಾಗೆಯೇ ಇದೆ. ಅವರ ಸೊಸೆಗೆ ಲೂಪಸ್ ಎಂಬ ರೋಗವಂತೆ. ಎರಡು ವರ್ಷದಿಂದ ಔಷಧೋಪಚಾರ ನಡೆದಿದೆ. ಈಚೆಗೆ ಮುಖದ ಮೇಲಿನ ಕೆಂಪು ಮಾಯವಾಗಿ, ಕೀಲುಗಳ ನೋವು ತಗ್ಗಿ, ಮನೆಯವರೆಲ್ಲ ನೆಮ್ಮದಿಯಿಂದ ಉಸಿರಾಡುತ್ತಿರುವಾಗ, ವೈದ್ಯರು ಪರೀಕ್ಷೆಯ ಕಾಗದಗಳನ್ನು ನೋಡಿ “ರೋಗದ ಚಟುವಟಿಕೆ ಇನ್ನೂ ಇದೆ” ಎಂದರಂತೆ. “ಹುಡುಗಿ ನೀರು ಸೇದುತ್ತಾಳೆ, ರಂಗವಲ್ಲಿ ಇಡುತ್ತಾಳೆ, ನಗುನಗುತ್ತಾ ಓಡಾಡಿಕೊಂಡಿದ್ದಾಳೆ. ಮಲಗಿರುವ ರೋಗಕ್ಕೆ ಚಟುವಟಿಕೆಯೆಂದರೇನು? ಮೇಷ್ಟರು ನಮಗೆ ತಿಳಿಯುವಂತೆ ಬರೆಯಬೇಕು” ಎಂಬುದು ಆ ತಾಯಿಯವರ ಅಪ್ಪಣೆ.

ಬರೆಯಲು ನಾನು ಅಧಿಕಾರಿಯೇ ಎಂದು ಒಂದು ವಾರ ಯೋಚಿಸಿದೆನು. ನಾನು ವೈದ್ಯನಲ್ಲ; ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪಗಳನ್ನೂ ಸಂಧಿಗಳನ್ನೂ ಬಾಯಿಪಾಠ ಮಾಡಿಸಿದವನು. ಆದರೆ ಈ ರೋಗವು ನನ್ನ ತಂಗಿಯ ಮನೆಯನ್ನು ಹೊಕ್ಕು ಆರು ವರ್ಷವಾಯಿತು. ಅಂದಿನಿಂದ ಸಿಕ್ಕ ಸಿಕ್ಕ ಗ್ರಂಥಗಳನ್ನು ಓದಿದ್ದೇನೆ. ತಿಳಿದ ವೈದ್ಯರನ್ನು ಪೀಡಿಸಿ ಕೇಳಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಈ ಪತ್ರದಲ್ಲಿರುವ ಪ್ರಶ್ನೆಯನ್ನೇ ನಾನೂ ಒಮ್ಮೆ ಕೇಳಿದ್ದೆನು. ಕೇಳಿ, ಉತ್ತರಕ್ಕೆ ಕಾಯದೆ ನಾನೇ ಒಂದು ಉತ್ತರವನ್ನೂ ಕೊಟ್ಟಿದ್ದೆನು. ಅದರ ಫಲವನ್ನು ಮುಂದೆ ಹೇಳುವೆನು.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ನಮ್ಮ ‘ವೃಕ’ ಶಬ್ದವೂ ಅದೂ ಒಂದೇ ಮೂಲದಿಂದ ಬಂದುವೆಂದು ಭಾಷಾಶಾಸ್ತ್ರಜ್ಞರು ಹೇಳುವರು. ತೋಳ ಕಚ್ಚಿದಂತೆ ಮುಖದ ಚರ್ಮವು ಹುಣ್ಣಾಗುವ ಹಲವು ವ್ಯಾಧಿಗಳಿಗೆ ಯೂರೋಪಿನವರು ಹಿಂದೆ ಈ ಹೆಸರನ್ನಿಟ್ಟಿದ್ದರು. ಇದು ಚರ್ಮದ ರೋಗ ಮಾತ್ರವಲ್ಲ, ಒಳಗಿನ ಅಂಗಗಳನ್ನೂ ಹಿಡಿಯುವುದೆಂದು ವಿಯೆನ್ನಾ ನಗರದ ಕಪೋಸಿ ಎಂಬ ವೈದ್ಯನು ೧೮೭೨ರಲ್ಲಿಯೇ ಬರೆದನು. ನನ್ನ ತಂಗಿಯ ಮಗಳಿಗೆ ಮೊದಲು ಬೆರಳಿನ ಗೆಣ್ಣುಗಳು ಊದಿಕೊಂಡುವು; ಸಂಜೆಯ ಹೊತ್ತಿಗೆ ಸಣ್ಣ ಜ್ವರ; ತಲೆ ಬಾಚಿದರೆ ಕೈತುಂಬ ಕೂದಲು. ನಾನು ಮಾಧವನಿದಾನವನ್ನು ತೆಗೆದು ‘ಇದು ಆಮವಾತ’ ಎಂದು ತೀರ್ಪು ಕೊಟ್ಟೆನು. ಮೂಗಿನ ಸೇತುವೆಯನ್ನು ದಾಟಿ ಎರಡು ಕೆನ್ನೆಗಳ ಮೇಲೂ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡಿದ ಮೇಲೆಯೇ ಒಬ್ಬ ವೈದ್ಯೆ ಸರಿಯಾದ ರಕ್ತಪರೀಕ್ಷೆಯನ್ನು ಮಾಡಿಸಿದರು. ಆಗ ಅವಳಿಗೆ ಇಪ್ಪತ್ತಮೂರು ವರ್ಷ. ಈ ರೋಗ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದೂ ಹೆಚ್ಚಾಗಿ ಮಕ್ಕಳಾಗುವ ವಯಸ್ಸಿನವರು.

ಇನ್ನು ಚಟುವಟಿಕೆಯ ವಿಷಯ. ಅದನ್ನು ತಿಳಿಯಬೇಕಾದರೆ ಶರೀರದ ಕಾವಲು ಹೇಗೆ ನಡೆಯುವುದೆಂಬುದನ್ನು ಸ್ವಲ್ಪ ನೋಡಬೇಕು.

ರಕ್ತದಲ್ಲಿರುವ ಬಿಳಿಯ ಕಣಗಳು ಒಂದೇ ಜಾತಿಯವಲ್ಲ. ನ್ಯೂಟ್ರೋಫಿಲ್ ಎಂಬುವು ಬೀದಿಯಲ್ಲಿ ಸುತ್ತುವ ತಳವಾರರು. ಎದುರಾದ ರೋಗಾಣುವನ್ನು ನುಂಗಿಬಿಡುವುವು. ಬಿ ಕಣಗಳೆಂಬುವು ಆಯುಧಶಾಲೆಯವರು. ಅವು ಮಾಡುವ ಆಯುಧಕ್ಕೆ ಪ್ರತಿಕಾಯವೆಂದು ಹೆಸರು. ಟಿ ಕಣಗಳು ಅಧಿಕಾರಿಗಳು. ಯಾವ ಆಯುಧ ಬೇಕು, ಯಾವುದು ಸಾಕು ಎಂದು ಅಪ್ಪಣೆ ಕೊಡತಕ್ಕವು. ಇವೆಲ್ಲ ಮೈಯ ಮೂಲೆ ಮೂಲೆಗಳಲ್ಲಿ ಚದುರಿರುವುವು. ಒಂದರ ಮುಖವನ್ನು ಇನ್ನೊಂದು ಕಾಣದು. ಹಾಗಿದ್ದರೆ ಶತ್ರು ಬಂದ ಸುದ್ದಿಯು ಒಂದರಿಂದ ಇನ್ನೊಂದಕ್ಕೆ ಮುಟ್ಟುವುದೆಂತು? ಹಳೆಯ ಕಾಲದಲ್ಲಿ ಊರಿನವರಿಗೆ ಡಂಗುರ ಹೊಡೆಸಿ ತಿಳಿಸುತ್ತಿದ್ದರಷ್ಟೆ. ಇಲ್ಲಿ ಡಂಗುರದ ಕೆಲಸವನ್ನು ಅತಿ ಸಣ್ಣ ಪ್ರೋಟೀನುಗಳು ಮಾಡುವುವು. ಒಂದು ಕಣವು ಇವನ್ನು ಹೊರಕ್ಕೆ ಸುರಿಸುವುದು. ಇವನ್ನು ಹಿಡಿಯುವ ಕಿವಿಗಳು ಬೇರೆ ಕಣಗಳ ಮೇಲ್ಮೈಯಲ್ಲಿರುವುವು. ಕೇಳಿದ ಕಣವು ಸಿದ್ಧವಾಗುವುದು.

ಇವುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಇಂಟರ್‌ಫೆರಾನ್ ಎಂಬುದು. ೧೯೫೭ರಲ್ಲಿ ಲಂಡನ್ನಿನ ಮಿಲ್ ಹಿಲ್ ಎಂಬಲ್ಲಿ ಐಸಾಕ್ಸ್ ಮತ್ತು ಲಿಂಡೆನ್ಮನ್ ಎಂಬಿಬ್ಬರು ಇದನ್ನು ಕಂಡರು. ಕೋಳಿಮೊಟ್ಟೆಯ ಒಳಪೊರೆಗೆ ಸತ್ತ ಇನ್‌ಫ್ಲುಯೆಂಜಾ ವೈರಸ್ಸನ್ನು ತಾಗಿಸಿದಾಗ, ಆ ಪೊರೆಯಿಂದ ಒಂದು ವಸ್ತು ಹೊರಟು, ಬೇರೆ ಪೊರೆಗಳನ್ನೂ ಬದುಕಿರುವ ವೈರಸ್ಸಿನಿಂದ ಕಾಪಾಡಿತು. ವೈರಸ್ಸಿಗೆ ಅಡ್ಡಬರುವುದರಿಂದ ಅದಕ್ಕೆ ಆ ಹೆಸರು. ನೆಗಡಿಜ್ವರ ಬಂದಾಗ ಮೈಕೈಯೆಲ್ಲ ಮುರಿದಂತಾಗಿ ಹಾಸಿಗೆ ಬೇಕೆನ್ನಿಸುವುದಲ್ಲವೆ? ಆ ಆಯಾಸದಲ್ಲಿ ಒಂದು ಪಾಲು ವೈರಸ್ಸಿನದಲ್ಲ, ಈ ಡಂಗುರದ್ದೇ. ನಾಲ್ಕು ದಿನದಲ್ಲಿ ಶತ್ರು ಸೋಲುವನು, ಡಂಗುರ ನಿಲ್ಲುವುದು, ನಾವು ಎದ್ದು ಕೂತು ಗಂಜಿ ಕೇಳುವೆವು.

ಲೂಪಸ್ಸಿನಲ್ಲಿ ಅದು ನಿಲ್ಲುವುದಿಲ್ಲ.

ಏಕೆಂಬುದನ್ನು ಹೇಳುವಾಗ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ಎಲ್ಲರೂ ಎತ್ತುವರು. ಮೈಯ ಕಾವಲೇ ಮೈಯನ್ನು ತಿನ್ನುವುದರಿಂದ ಗಾದೆ ಒಪ್ಪುವುದೇನೋ ನಿಜ. ಆದರೆ ನನಗೆ ಅದು ಪೂರ್ಣವಾಗಿ ಸಮ್ಮತವಲ್ಲ. ಇಲ್ಲಿ ಬೇಲಿಗೆ ದುರಾಸೆಯಿಲ್ಲ. ಅದು ಕೇಳಿದ ಸುದ್ದಿ ತಪ್ಪು. ಪ್ರತಿದಿನವೂ ನಮ್ಮ ಶರೀರದಲ್ಲಿ ಕೋಟ್ಯಂತರ ಜೀವಕಣಗಳು ಸಾಯುವುವು. ಸತ್ತ ಕಣದ ಒಡಲಿನಲ್ಲಿರುವ ಡಿ.ಎನ್.ಎ. ಎಂಬ ಎಳೆಯು ಹೊರಗೆ ಚೆಲ್ಲದಂತೆ ಬಳಿದು ತೆಗೆಯುವ ಏರ್ಪಾಡುಂಟು. ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪಿಗೆ ಈ ಕಸಬರಿಗೆಯ ಕೆಲಸವೂ ಸೇರಿದೆ. ಅವುಗಳಲ್ಲಿ ಸಿ೧ಕ್ಯೂ ಎಂಬುದು ಹುಟ್ಟಿನಿಂದಲೇ ಇಲ್ಲದ ಕೆಲವೇ ಮಂದಿಯಲ್ಲಿ ಬಹುಪಾಲು ಎಲ್ಲರಿಗೂ ಲೂಪಸ್ ಬರುವುದೆಂದರೆ ಗುಡಿಸುವುದರ ಮಹತ್ತ್ವ ತಿಳಿಯುವುದು. ಗುಡಿಸುವುದು ತಡವಾದರೆ ಎಳೆಯು ಬೀದಿಯಲ್ಲಿ ಬೀಳುವುದು. ಬಿ ಕಣಗಳು ಅದರ ಮೇಲೆಯೇ ಪ್ರತಿಕಾಯವನ್ನು ಮಾಡುವುವು. ಆ ಪ್ರತಿಕಾಯವು ಡಿ.ಎನ್.ಎ.ಯನ್ನು ಹಿಡಿದೆಳೆದುಕೊಂಡು ಹೋಗಿ, ಡೆಂಡ್ರೈಟಿಕ್ ಎಂಬ ಜಾತಿಯ ಒಂದು ಕಣಕ್ಕೆ ಒಪ್ಪಿಸುವುದು. ಈ ಕಣಗಳು ರಕ್ತದ ಬಿಳಿಯ ಕಣಗಳಲ್ಲಿ ನೂರಕ್ಕೆ ಒಂದೂ ಇಲ್ಲ. ಆದರೆ ಇಂಟರ್‌ಫೆರಾನಿನ ಡಂಗುರ ಹೊಡೆಯುವುದರಲ್ಲಿ ಇವನ್ನು ಮೀರಿಸಿದವಿಲ್ಲ. ಇವುಗಳ ಹೊಟ್ಟೆಯೊಳಗೆ ವೈರಸ್ಸಿನ ಎಳೆಯನ್ನು ಗುರುತಿಸುವ ಸಾಧನಗಳುಂಟು. ಅವು ಒಳಗೆ ಇರುವುದೇ ಒಂದು ಎಚ್ಚರಿಕೆ, ಸ್ವಂತ ಡಿ.ಎನ್.ಎ. ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗದು. ಈಗ ಪ್ರತಿಕಾಯವೇ ಅದನ್ನು ಒಳಕ್ಕೆ ತಂದು ಇಟ್ಟಿತಲ್ಲ!

ಕುರುಕ್ಷೇತ್ರದಲ್ಲಿ ದ್ರೋಣಾಚಾರ್ಯರ ಕಿವಿಗೆ ಬಿದ್ದ ಸುದ್ದಿ ಪೂರಾ ಸುಳ್ಳಲ್ಲ. ಅಶ್ವತ್ಥಾಮನೆಂಬುದು ಸತ್ತಿತ್ತು, ಆದರೆ ಅದು ಆನೆ. ಇಲ್ಲಿಯೂ ಹಾಗೆಯೇ. ಎಳೆ ಸಿಕ್ಕಿದುದು ಸತ್ಯ. ಅದು ಯಾರದೆಂಬ ಮಾತು ಶಂಖಧ್ವನಿಯಲ್ಲಿ ಮುಳುಗಿಹೋಯಿತು. ‘ವೈರಸ್ ಬಂತು’ ಎಂದು ಡಂಗುರ ಹೊರಡುವುದು. ಅದನ್ನು ಕೇಳಿದ ಬಿ ಕಣಗಳು ಇನ್ನಷ್ಟು ಪ್ರತಿಕಾಯಗಳನ್ನು ಮಾಡುವುವು. ನ್ಯೂಟ್ರೋಫಿಲ್‌ಗಳು ಒಂದು ವಿಚಿತ್ರ ಕೆಲಸವನ್ನು ಮಾಡುವುವು: ತಮ್ಮ ಒಡಲಿನ ಡಿ.ಎನ್.ಎ.ಯನ್ನೇ ಬಲೆಯಂತೆ ಹೊರಕ್ಕೆ ಬೀಸುವುವು. ರೋಗಾಣುಗಳನ್ನು ಹಿಡಿಯಲು ಏರ್ಪಟ್ಟ ಈ ಬಲೆಯನ್ನು ೨೦೦೪ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಮೊದಲು ವರ್ಣಿಸಿದರು. ರೋಗಾಣುವಿಲ್ಲದ ಕಡೆ ಬೀಸಿದ ಬಲೆ ಮತ್ತಷ್ಟು ಕಸವಾಗುವುದು. ಕಸದಿಂದ ಮತ್ತೆ ಡಂಗುರ. ಇದಕ್ಕೆ ಆದಿ ಯಾವುದು, ಅಂತ್ಯ ಯಾವುದು? ಬೀಜವೃಕ್ಷನ್ಯಾಯವನ್ನು ಶಾಲೆಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದಕ್ಕೆ ಇಷ್ಟು ಕ್ರೂರವಾದ ಉದಾಹರಣೆ ಎಂದೂ ಸಿಕ್ಕಿರಲಿಲ್ಲ.

ಇದೆಲ್ಲ ಊಹೆಯೆಂದು ಯಾರಾದರೂ ಅಂದಾರು. ಊಹೆಯಲ್ಲ. ಲೂಪಸ್ ರೋಗಿಗಳ ರಕ್ತದಲ್ಲಿ ಇಂಟರ್‌ಫೆರಾನ್ ಹೆಚ್ಚಾಗಿರುವುದನ್ನು ೧೯೭೯ರಲ್ಲಿ ತೋರಿಸಿದರು. ೧೯೯೦ರಲ್ಲಿ ಸ್ವೀಡನ್ ದೇಶದ ವೈದ್ಯರು ಮತ್ತೊಂದು ಸಂಗತಿಯನ್ನು ಬರೆದರು: ಗಡ್ಡೆಯ ರೋಗಕ್ಕೆಂದು ಇಂಟರ್‌ಫೆರಾನನ್ನೇ ಔಷಧವಾಗಿ ಕೊಟ್ಟ ರೋಗಿಯೊಬ್ಬರಲ್ಲಿ ಲೂಪಸ್ ಕಾಣಿಸಿಕೊಂಡಿತು. ೨೦೦೩ರಲ್ಲಿ ಅಮೆರಿಕದ ಎರಡು ತಂಡಗಳು ರೋಗಿಗಳ ರಕ್ತಕಣಗಳಲ್ಲಿ ಯಾವ ಯಾವ ಜೀನ್‌ಗಳು ಎಚ್ಚತ್ತಿವೆಯೆಂದು ನೋಡಿದಾಗ, ಇಂಟರ್‌ಫೆರಾನಿನ ಕರೆಗೆ ಓಗೊಡುವ ಜೀನ್‌ಗಳೇ ಸಾಲುಸಾಲಾಗಿ ಎದ್ದು ನಿಂತಿದ್ದುವು. ಮಕ್ಕಳಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲಿಯೂ. ೨೦೨೨ರಲ್ಲಿ ಸ್ಪೇನ್ ದೇಶದ ಒಬ್ಬ ಬಾಲಕಿಯ ವಿಷಯ ಪ್ರಕಟವಾಯಿತು. ಮೇಲೆ ಹೇಳಿದ ಗುರುತಿಸುವ ಸಾಧನಗಳಲ್ಲಿ ಟಿ.ಎಲ್.ಆರ್. ೭ ಎಂಬುದರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದುದರಿಂದ ಅದು ಅತಿಸೂಕ್ಷ್ಮವಾಗಿ, ಆ ಮಗುವಿಗೆ ಲೂಪಸ್ ಬಂದಿತ್ತು. ಒಂದಕ್ಷರ ತಪ್ಪಿದರೆ ಅರ್ಥವೇ ಕೆಡುವುದೆಂದು ಹುಡುಗರನ್ನು ಗದರಿಸುತ್ತಿದ್ದವನಿಗೆ ಇದನ್ನು ಓದಿ ಮೈ ಜುಮ್ಮೆಂದಿತು. ಆ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಂಗಸರಿಗೆ ಎಕ್ಸ್ ಎರಡು, ಗಂಡಸರಿಗೆ ಒಂದೇ. ಈ ರೋಗ ಹೆಂಗಸರನ್ನೇ ಹೆಚ್ಚಾಗಿ ಹಿಡಿಯುವುದಕ್ಕೆ ಅದೂ ಒಂದು ಕಾರಣವೆಂದು ಎಣಿಸುವರು.

ಬೇರೆ ಡಂಗುರಗಳೂ ಉಂಟು. ಬಾಫ್ ಎಂಬುದು ಬಿ ಕಣಗಳಿಗೆ ಅನ್ನವಿಟ್ಟಂತೆ ಆಯುಸ್ಸನ್ನು ಕೊಡುವುದು. ಲೂಪಸ್ಸಿನಲ್ಲಿ ಅದು ಹೆಚ್ಚುವುದರಿಂದ, ಸಾಯಬೇಕಾಗಿದ್ದ ಕೆಟ್ಟ ಬಿ ಕಣಗಳೂ ಉಳಿದುಕೊಳ್ಳುವುವು. ‘ಸಾಕು, ನಿಲ್ಲಿಸಿ’ ಎನ್ನಬೇಕಾದ ಶಾಂತಿಯ ಟಿ ಕಣಗಳು ಬಲಗುಂದುವುವು. ಇವುಗಳ ವಿವರಕ್ಕೆ ಹೋದರೆ ಈ ಸಂಚಿಕೆ ಸಾಲದು.

ಈಗ ಆ ತಾಯಿಯವರ ಪ್ರಶ್ನೆಗೆ ಬರೋಣ. ಚಟುವಟಿಕೆಯೆಂದರೆ ಈ ಚಕ್ರವು ಸದ್ಯದಲ್ಲಿ ಎಷ್ಟು ಜೋರಾಗಿ ತಿರುಗುತ್ತಿದೆಯೆಂಬುದು. ಹಿಂದೆ ಆಗಿಹೋದ ಗಾಯವಲ್ಲ. ವೈದ್ಯರು ಇದಕ್ಕೆ ಅಂಕಗಳನ್ನು ಕೊಡುವರು. ಸ್ಲೆಡೈ ಎಂಬ ಒಂದು ಪಟ್ಟಿಯಲ್ಲಿ ೨೪ ಲಕ್ಷಣಗಳು. ಎಲ್ಲವೂ ಇದ್ದರೆ ೧೦೫ ಅಂಕ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಷ್ಟೂ ಸಂತೋಷಪಡುವುದು ಇಲ್ಲೊಂದೇ ಕಡೆ! ರೋಗದಿಂದ ಸೆಳವು ಬಂದರೆ ೮, ಮೂತ್ರದಲ್ಲಿ ಪ್ರೋಟೀನ್ ಹೋದರೆ ೪, ಮುಖದ ಕೆಂಪಿಗೆ ೨, ಜ್ವರಕ್ಕೆ ೧. ಡಿ.ಎನ್.ಎ. ಮೇಲಿನ ಪ್ರತಿಕಾಯ ಹೆಚ್ಚಿದ್ದರೆ ೨. ಕಾಂಪ್ಲಿಮೆಂಟ್ ತಗ್ಗಿದ್ದರೆ ೨. ಈ ಕೊನೆಯ ಎರಡನ್ನು ಹುಡುಗಿಯ ಮುಖ ನೋಡಿ ಹೇಳಲಾಗದು. ಕಾಂಪ್ಲಿಮೆಂಟ್ ತಗ್ಗುವುದೇಕೆಂದರೆ ಅದು ಖರ್ಚಾಗುತ್ತಿದೆ. ಮದುವೆಮನೆಯ ಉಗ್ರಾಣದಲ್ಲಿ ಅಕ್ಕಿಯ ಮೂಟೆ ಕರಗುತ್ತಿದ್ದರೆ, ಪಂಕ್ತಿಯನ್ನು ಕಣ್ಣಿನಿಂದ ನೋಡದಿದ್ದರೂ ಊಟ ನಡೆಯುತ್ತಿದೆಯೆಂದು ತಿಳಿಯುವೆವಷ್ಟೆ. ಸಿ೩, ಸಿ೪ ಎಂದು ಪರೀಕ್ಷೆಯ ಕಾಗದದಲ್ಲಿ ಬರೆದಿರುವುದು ಆ ಉಗ್ರಾಣದ ಲೆಕ್ಕವೇ. ಇನ್ನೊಂದು ಮಾತು: ರೋಗ ಶಾಂತವಾಗಿ ಕಾಣುತ್ತಿರುವಾಗಲೂ ಎಷ್ಟೋ ರೋಗಿಗಳಲ್ಲಿ ಇಂಟರ್‌ಫೆರಾನಿನ ಡಂಗುರವು ಪೂರ್ತಿ ನಿಂತಿರುವುದಿಲ್ಲವೆಂದು ಕಂಡುಬಂದಿದೆ.

ನಾನು ತಿಳಿಯದೆ ಹೋದುದು ಇದನ್ನೇ. ಔಷಧ ಹಿಡಿದು ಒಂದೂವರೆ ವರ್ಷಕ್ಕೆ ನನ್ನ ಸೋದರಸೊಸೆಯ ಮುಖ ತಿಳಿಯಾಯಿತು. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿತ್ತು. ದಿನವೂ ಗುಳಿಗೆ ನುಂಗುವ ಹುಡುಗಿಯೆಂದು ಗಂಡಿನ ಕಡೆಯವರಿಗೆ ತಿಳಿದರೇನು ಗತಿಯೆಂದು ತಂಗಿಗೆ ಕಳವಳ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಆ ಗುಳಿಗೆಯಿಂದ ಕಣ್ಣಿಗೆ ಕೆಡುಕೆಂದು ಎಲ್ಲಿಯೋ ಓದಿ ನಾನೇ ಹೇಳಿದ್ದೆನು. ಒಂದು ಸಂಜೆ ಹುಡುಗಿ, “ಮಾವ, ಎಲ್ಲ ಸರಿಹೋಯಿತಲ್ಲ, ಇನ್ನೂ ಏಕೆ ಇದು?” ಎಂದು ಗುಳಿಗೆಯ ಹಾಳೆಯನ್ನು ನನ್ನ ಮುಂದೆ ಹಿಡಿದಳು. “ರೋಗವಿಲ್ಲದ ಮೇಲೆ ಔಷಧವೇಕಮ್ಮ, ಬಿಟ್ಟುಬಿಡು” ಎಂದೆನು. ಅವಳು ವೈದ್ಯೆಯನ್ನು ಕೇಳಬೇಕೆಂದಿದ್ದಳು. ಮಾವನ ಮಾತೆಂದು ಕೇಳಲಿಲ್ಲ.

ಆರನೆಯ ತಿಂಗಳಿನಲ್ಲಿ ಅವಳ ಕಾಲು ಊದಿತು. ಅದಕ್ಕೆ ಮುಂಚೆ ಮೂತ್ರದಲ್ಲಿ ನೊರೆ ಕಾಣುತ್ತಿತ್ತಂತೆ. ನೋವಿಲ್ಲದ್ದರಿಂದ ಯಾರಿಗೂ ಹೇಳಿರಲಿಲ್ಲ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿರುವುವು. ಪ್ರತಿಕಾಯದ ಗಂಟುಗಳು ಅವುಗಳಲ್ಲಿ ಸಿಕ್ಕಿಕೊಂಡರೆ ಜರಡಿ ಕೆಟ್ಟು ಪ್ರೋಟೀನು ಸೋರಿಹೋಗುವುದು. ಸೂಜಿಯಿಂದ ಮೂತ್ರಪಿಂಡದ ಚೂರೊಂದನ್ನು ತೆಗೆದು ನೋಡಿದರು. ಸ್ಟೀರಾಯ್ಡನ್ನೂ ಮೈಕೋಫಿನೋಲೇಟ್ ಎಂಬ ಔಷಧವನ್ನೂ ಕೊಟ್ಟರು. ಹುಡುಗಿಯ ಮುಖ ಊದಿ, ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದಳು. ಗಂಡಿನ ಕಡೆಯವರು ಕಾಗದ ಬರೆಯುವುದನ್ನು ನಿಲ್ಲಿಸಿದರು. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಲೇಸಾಗಿತ್ತು.

ಬಹಳ ದಿನಗಳ ಮೇಲೆ, ಕೆನಡಾದಲ್ಲಿ ನಡೆದು ೧೯೯೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ವಿಷಯವನ್ನು ಓದಿದೆನು. ರೋಗ ಶಾಂತವಾಗಿದ್ದ ೪೭ ಮಂದಿಯಲ್ಲಿ ೨೫ ಮಂದಿಗೆ ಇದೇ ಗುಳಿಗೆಯನ್ನು ಮುಂದುವರಿಸಿ, ೨೨ ಮಂದಿಗೆ ಅದರಂತೆಯೇ ಕಾಣುವ ಬರಿಯ ಗುಳಿಗೆಯನ್ನು ಕೊಟ್ಟರು. ಆರು ತಿಂಗಳೊಳಗೆ ಮುಂದುವರಿಸಿದವರಲ್ಲಿ ೯ ಮಂದಿಗೆ ರೋಗ ಕೆರಳಿತು. ನಿಲ್ಲಿಸಿದವರಲ್ಲಿ ೧೬ ಮಂದಿಗೆ. ನಾನು ಬಾಯಿ ತೆರೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಉತ್ತರವು ಅಚ್ಚಾಗಿತ್ತು. ನಿಲ್ಲಿಸದೆ ಇದ್ದಿದ್ದರೆ ರೋಗ ಕೆರಳುತ್ತಲೇ ಇರಲಿಲ್ಲವೆಂದು ಹೇಳಲಾಗದು. ಒಂಬತ್ತು ಮಂದಿಗೆ ಕೆರಳಿದ್ದುಂಟಷ್ಟೆ. ಅದರಿಂದ ನನಗೆ ಸಮಾಧಾನವೇನೂ ಇಲ್ಲ. ಕ್ವಿನೈನಿನ ಬಂಧುವಾದ ಈ ಗುಳಿಗೆ ಮಾಡುವುದೇನೆಂದರೆ, ಡೆಂಡ್ರೈಟಿಕ್ ಕಣಗಳ ಹೊಟ್ಟೆಯೊಳಗಿನ ಗುರುತಿಸುವ ಸಾಧನಗಳು ಸುಮ್ಮಸುಮ್ಮನೆ ಎಚ್ಚರಗೊಳ್ಳದಂತೆ ತಡೆಯುವುದು. ಎಂದರೆ ಡಂಗುರದ ಕೋಲನ್ನೇ ಹಿಡಿದುಕೊಳ್ಳುವುದು. ನಾನು ಬಿಡಿಸಿದುದು ಆ ಹಿಡಿತವನ್ನು. ಕಣ್ಣಿನ ಭಯ ಸುಳ್ಳಲ್ಲ. ಆದರೆ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಟ್ಟು, ಮೊದಲಿಗೊಮ್ಮೆ, ಐದು ವರ್ಷದ ಮೇಲೆ ವರ್ಷವರ್ಷವೂ ಕಣ್ಣಿನ ಪರೀಕ್ಷೆ ಮಾಡಿಸುತ್ತಿದ್ದರೆ ಕೆಡುಕನ್ನು ಮೊದಲೇ ಕಾಣಬಹುದು.

ಆ ಗುಳಿಗೆ ಅಮೆರಿಕದಲ್ಲಿ ಬಳಕೆಗೆ ಬಂದುದು ೧೯೫೫ರಲ್ಲಿ. ಅದೇ ವರ್ಷ ಪ್ರಕಟವಾದ ಒಂದು ಲೆಕ್ಕದಲ್ಲಿ, ರೋಗ ಗೊತ್ತಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಕೊಂಡಿದ್ದರು. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವ ಕಡೆ ಹತ್ತು ವರ್ಷದ ಮೇಲೂ ನೂರರಲ್ಲಿ ತೊಂಬತ್ತರಷ್ಟು ಮಂದಿ ಬದುಕಿರುವರು. ಡಂಗುರದ ವಿದ್ಯೆ ತಿಳಿದ ಮೇಲೆ ಹೊಸ ಔಷಧಗಳೂ ಬಂದುವು. ಬಾಫನ್ನು ತಡೆಯುವ ಬೆಲಿಮುಮ್ಯಾಬ್‌ಗೆ ೨೦೧೧ರಲ್ಲಿಯೂ, ಇಂಟರ್‌ಫೆರಾನನ್ನು ಕೇಳುವ ಕಿವಿಯನ್ನೇ ಮುಚ್ಚುವ ಅನಿಫ್ರೊಲುಮ್ಯಾಬ್‌ಗೆ ೨೦೨೧ರಲ್ಲಿಯೂ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಜರ್ಮನಿಯ ಎರ್ಲಾಂಗೆನ್ ನಗರದ ವೈದ್ಯರು ರೋಗಿಯ ಟಿ ಕಣಗಳನ್ನೇ ಹೊರತೆಗೆದು, ಬಿ ಕಣಗಳನ್ನು ಬೇಟೆಯಾಡುವಂತೆ ಪಳಗಿಸಿ ಮತ್ತೆ ಮೈಗೆ ಸೇರಿಸಿದರು. ೨೦೨೨ರಲ್ಲಿ ವರದಿಯಾದ ಐವರು ರೋಗಿಗಳೂ ಔಷಧವಿಲ್ಲದೆ ಶಾಂತರಾಗಿದ್ದರು. ಇವುಗಳ ಬೆಲೆ ಕೇಳಿದರೆ ನಮ್ಮಂಥ ಗೃಹಸ್ಥರ ಎದೆ ಝಲ್ಲೆನ್ನುವುದು. ಹಳೆಯ ಗುಳಿಗೆ ಮಾತ್ರ ಇಂದಿಗೂ ಕೈಗೆಟುಕುವ ಬೆಲೆಯದು.

ಪತ್ರ ಬರೆದ ತಾಯಿಯವರಿಗೆ ನಾನು ಹೇಳತಕ್ಕುದು ಸ್ವಲ್ಪವೇ. ಮುಂದಿನ ಸಲ ಪರೀಕ್ಷೆಯ ಕಾಗದ ಬಂದಾಗ ಮೂತ್ರದ ಪ್ರೋಟೀನು, ಸಿ೩, ಸಿ೪, ಡಿ.ಎನ್.ಎ. ಪ್ರತಿಕಾಯ, ಇವು ಹಿಂದಿನದಕ್ಕಿಂತ ಏರಿದುವೋ ಇಳಿದುವೋ ಎಂದು ವೈದ್ಯರನ್ನು ಕೇಳಿ ಬರೆದಿಡಿರಿ. ಬಿಸಿಲು ಚರ್ಮದ ಕಣಗಳನ್ನು ಕೊಂದು ಕಸವನ್ನು ಹೆಚ್ಚಿಸುವುದು. ಹಪ್ಪಳ ಸಂಡಿಗೆ ಒಣಗಿಸುವ ಕೆಲಸವನ್ನು ಬೇರೆಯವರು ಮಾಡಲಿ. ಜ್ವರ ಬಂದರೆ ರೋಗ ಕೆರಳಿತೆಂದು ತಾವೇ ನಿಶ್ಚಯಿಸಬೇಡಿರಿ. ಈ ಔಷಧಗಳಲ್ಲಿ ಕೆಲವು ಕಾವಲನ್ನು ಕುಗ್ಗಿಸುವುದರಿಂದ ನಿಜವಾದ ಶತ್ರುವೂ ಬಂದಿರಬಹುದು. ಮೊಮ್ಮಗುವಿನ ಆಸೆ ಸಹಜವೇ. ಆದರೆ ರೋಗವು ಆರು ತಿಂಗಳಾದರೂ ಶಾಂತವಾಗಿದ್ದು, ವೈದ್ಯರು ಔಷಧಗಳನ್ನು ಗರ್ಭಕ್ಕೆ ಒಪ್ಪುವಂತೆ ಬದಲಾಯಿಸಿಕೊಟ್ಟ ಮೇಲೆ ಆಗಲಿ. ಮೈಕೋಫಿನೋಲೇಟನ್ನು ಮೊದಲೇ ನಿಲ್ಲಿಸಬೇಕಾಗುವುದು. ಹೈಡ್ರಾಕ್ಸಿಕ್ಲೋರೋಕ್ವಿನನ್ನು ಗರ್ಭದ ಕಾಲದಲ್ಲಿಯೂ ಸಾಮಾನ್ಯವಾಗಿ ಬಿಡಿಸುವುದಿಲ್ಲ. ಸೊಸೆಯು ಆಯಾಸವೆಂದು ಮಲಗಿದರೆ ಸೋಮಾರಿತನವೆಂದು ಎಣಿಸಬೇಡಿರಿ. ಮೇಲೆ ಹೇಳಿದ ೨೪ರ ಪಟ್ಟಿಯಲ್ಲಿ ಆಯಾಸಕ್ಕೆ ಅಂಕವಿಲ್ಲ. ಅನುಭವಿಸುವವಳಿಗೆ ಮಾತ್ರ ಅದೇ ದೊಡ್ಡದು.

ನಮ್ಮ ಹುಡುಗಿ ಈಗ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ. ಮೂತ್ರದಲ್ಲಿ ಪ್ರೋಟೀನು ಬಹಳ ತಗ್ಗಿದೆ, ಪೂರ್ತಿ ಹೋಗಿಲ್ಲ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವಾಗ ಕಾಗದಗಳ ಕಟ್ಟನ್ನು ಹಿಡಿದುಕೊಂಡು ಜೊತೆಯಲ್ಲಿ ಹೋಗುವವನು ನಾನು. ಹೋದ ಸಲ ಸಿ೩ರ ಅಂಕವನ್ನು ನನಗಿಂತ ಮೊದಲು ಅವಳೇ ಓದಿ, “ಮಾವ, ಉಗ್ರಾಣ ತುಂಬುತ್ತಿದೆ” ಎಂದಳು.